ಹಿಮದಡಿಯ ನದಿಗಳ ಲೆಕ್ಕವನ್ನು ಯಾರು ಇಡಬೇಕು?

ಸೈಬೀರಿಯದ ಯಾಕುತ್ಸ್ಕ್ ಪಟ್ಟಣದಲ್ಲಿ ಷೆರ್ಗಿನ್ ಎಂಬ ವರ್ತಕನೊಬ್ಬನು 1828ರಲ್ಲಿ ನೀರಿಗಾಗಿ ಬಾವಿ ತೋಡಿಸಲು ತೊಡಗಿದನು. 1837ರ ವೇಳೆಗೆ ಬಾವಿಯು 116 ಮೀಟರು ಆಳಕ್ಕೆ ಇಳಿದಿತ್ತು; ಆದರೆ ಒಂದು ಕೊಡ ನೀರೂ ದೊರೆಯಲಿಲ್ಲ. ಬುಡದವರೆಗೂ ನೆಲವು ಹೆಪ್ಪುಗಟ್ಟಿ ಕಲ್ಲಾಗಿತ್ತು. ಕೆಲವು ವರ್ಷಗಳ ಮೇಲೆ ಮಿಡೆನ್‌ಡಾರ್ಫ್ ಎಂಬ ಶಾಸ್ತ್ರಜ್ಞನು ಅದೇ ಬಾವಿಯ ಬೇರೆ ಬೇರೆ ಆಳಗಳಲ್ಲಿ ಉಷ್ಣತೆಯನ್ನು ಅಳೆಯಿಸಿದನು. ನೀರು ಕೊಡದ ಬಾವಿ ವಿಜ್ಞಾನಕ್ಕೆ ಒಂದು ಅಳತೆಯ ಪಟ್ಟಿಯನ್ನು ಕೊಟ್ಟಿತು. ಶೀತಪ್ರದೇಶದ ನೆಲದೊಳಗಿನ ಸ್ಥಿತಿ ಹೇಗಿದೆಯೆಂಬುದನ್ನು ಲೋಕವು ಹೀಗೆ ಅಂಕಿಗಳಲ್ಲಿ ಅರಿಯತೊಡಗಿತು.

ಆ ಪಟ್ಟಣದ ಪಕ್ಕದಲ್ಲಿಯೇ ಲೇನಾ ನದಿ ಹರಿಯುತ್ತದೆ. ಸುಮಾರು 25 ಲಕ್ಷ ಚದರ ಕಿಲೋಮೀಟರು ನೆಲದ ನೀರನ್ನು ಕೂಡಿಸಿಕೊಂಡು ಅದು ಉತ್ತರಕ್ಕೆ ಸಾಗಿ ಆರ್ಕ್ಟಿಕ್ ಸಾಗರವನ್ನು ಸೇರುತ್ತದೆ. ಜಗತ್ತಿನ ಎಲ್ಲ ಸಾಗರಗಳ ನೀರಿನಲ್ಲಿ ಆರ್ಕ್ಟಿಕ್ ಸಾಗರದ ಪಾಲು ನೂರಕ್ಕೆ ಒಂದು ಮಾತ್ರ. ಆದರೆ ಜಗತ್ತಿನ ನದಿಗಳು ಕಡಲಿಗೆ ಸುರಿಯುವ ನೀರಿನಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕ ಪಾಲು ಅದಕ್ಕೆ ಸಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಅದು ತೇಲಿ ನಿಲ್ಲುತ್ತದೆ. ಕಡಲಿನ ಮೇಲೆ ಹಿಮ ಕಟ್ಟುವುದೂ, ಅಲ್ಲಿಂದ ಅಟ್ಲಾಂಟಿಕ್ ಕಡೆಗೆ ಸಾಗುವ ಪ್ರವಾಹಗಳ ಬಲವೂ ಈ ಸಿಹಿನೀರಿನ ಪದರವನ್ನು ಬಹುಮಟ್ಟಿಗೆ ಅವಲಂಬಿಸಿವೆ. ಆದಕಾರಣ ಉತ್ತರದ ನದಿಗಳಲ್ಲಿ ಎಷ್ಟು ನೀರು ಹರಿಯಿತೆಂಬ ಪ್ರಶ್ನೆಯು ಆ ದಡದವರಿಗೆ ಮಾತ್ರ ಸೇರಿದ್ದಲ್ಲ.

ಆ ನೀರನ್ನು ಅಳೆಯುವುದು ಹೇಗೆ? ಬೇಸಗೆಯಲ್ಲಿ ಇದು ಕಷ್ಟವಲ್ಲ. ನದಿಯ ಒಂದು ಸ್ಥಳದಲ್ಲಿ ನೀರಿನ ಮಟ್ಟ ಇಷ್ಟಿದ್ದರೆ ಹರಿವು ಇಷ್ಟು ಎಂಬ ಸಂಬಂಧವನ್ನು ಮೊದಲೇ ಕಂಡುಕೊಂಡಿರುತ್ತಾರೆ. ಆಮೇಲೆ ಪ್ರತಿದಿನ ಮಟ್ಟವನ್ನು ಓದಿದರೆ ಸಾಕು. ಚಳಿಗಾಲ ಬಂದು ನದಿಯ ಮೇಲೆ ಹಿಮದ ಹೊದಿಕೆ ಮೂಡಿತೆಂದರೆ ಈ ಸಂಬಂಧ ಕೆಡುತ್ತದೆ. ಹಿಮದ ಒರಟು ಅಡಿಮೈ ನೀರನ್ನು ತಡೆಯುತ್ತದೆ. ಹರಿವು ಕಡಿಮೆಯಾದರೂ ಮಟ್ಟವು ಏರಬಹುದು. ಆಗ ಮಟ್ಟವನ್ನು ನಂಬಿದವನು ಮೋಸಹೋದಂತೆಯೇ. ಬೇರೆ ದಾರಿಯಿಲ್ಲದೆ ವೀಕ್ಷಕರು ಹೆಪ್ಪುಗಟ್ಟಿದ ನದಿಯ ಮೇಲೆ ನಡೆದುಹೋಗಿ, ದಡದಿಂದ ದಡದವರೆಗೆ ಸಾಲಾಗಿ ರಂಧ್ರಗಳನ್ನು ಕೊರೆದು, ಪ್ರತಿಯೊಂದರಲ್ಲಿಯೂ ವೇಗಮಾಪಕವನ್ನು ಇಳಿಬಿಟ್ಟು, ಆಳವನ್ನೂ ವೇಗವನ್ನೂ ಬರೆದುಕೊಳ್ಳಬೇಕು. ಶೂನ್ಯದ ಕೆಳಗೆ 40 ಡಿಗ್ರಿ ಚಳಿ ಅಲ್ಲಿ ಸಾಮಾನ್ಯ. ರಂಧ್ರದಿಂದ ಮೇಲೆತ್ತಿದ ಉಪಕರಣ ಕೈಯಲ್ಲಿರುವಾಗಲೇ ಹಿಮಗಟ್ಟುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಅಂಕಿಯ ಹಿಂದೆ ಇಷ್ಟು ಕೆಲಸವಿದೆ!

ಕೃತಕ ಉಪಗ್ರಹಗಳಿರುವಾಗ ಈ ಪಾಡೇಕೆ ಎಂದು ತರುಣ ವಾಚಕರು ಕೇಳಬಹುದು. ಹಣ ಮಂಜೂರು ಮಾಡುವ ಅಧಿಕಾರಿಗಳೂ ಇದನ್ನೇ ಕೇಳುತ್ತಾರೆ. ಉಪಗ್ರಹಗಳ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಕಡಲ ಹಿಮದ ಹರವು 2012ರ ಸೆಪ್ಟೆಂಬರಿನಲ್ಲಿ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿದುದನ್ನು ಕಂಡುಕೊಂಡದ್ದು ಉಪಗ್ರಹಗಳೇ. 2022ರ ಡಿಸೆಂಬರಿನಲ್ಲಿ ಹಾರಿಸಿದ ‘ಸ್ವಾಟ್’ ಉಪಗ್ರಹವು ದೊಡ್ಡ ನದಿಗಳ ಅಗಲವನ್ನೂ ಮೇಲ್ಮೈಯ ಎತ್ತರವನ್ನೂ ಅಳೆಯುತ್ತದೆ. ಆದರೆ ಹಿಮ ಮುಚ್ಚಿದ ಮೇಲೆ ಅದಕ್ಕೆ ಕಾಣುವುದು ಹಿಮದ ಮೈ. ಅಡಿಯಲ್ಲಿ ಹರಿಯುವ ನೀರಲ್ಲ. ಭೂಮಿಯ ಗುರುತ್ವದಿಂದ ನೀರಿನ ತೂಕವನ್ನು ಎಣಿಸುತ್ತಿದ್ದ ‘ಗ್ರೇಸ್’ ಅವಳಿ ಉಪಗ್ರಹಗಳು 2017ರಲ್ಲಿ ಕೆಲಸ ನಿಲ್ಲಿಸಿದವು; ಅವುಗಳ ಉತ್ತರಾಧಿಕಾರಿಗಳು ಮೇಲೇರಿದ್ದು 2018ರಲ್ಲಿ. ನಡುವಿನ ತಿಂಗಳುಗಳು ದಾಖಲೆಯಲ್ಲಿ ಖಾಲಿಯಾಗಿಯೇ ಉಳಿದಿವೆ.

ಇನ್ನೊಂದು ಸಂಗತಿಯಿದೆ, ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು. ಲೇನಾ ನದಿಯ ಕೆಳಭಾಗದಲ್ಲಿ ಜೂನ್ ತಿಂಗಳ ಸರಾಸರಿ ಹರಿವು ಸೆಕೆಂಡಿಗೆ 70,000 ಘನಮೀಟರನ್ನು ಮೀರುತ್ತದೆ. ಏಪ್ರಿಲಿನಲ್ಲಿ ಅದರ ಹತ್ತರಲ್ಲೊಂದು ಪಾಲೂ ಇರುವುದಿಲ್ಲ. ನೋಡುವವರ ಕಣ್ಣೆಲ್ಲ ಜೂನಿನ ಪ್ರವಾಹದ ಮೇಲೆ. ಆದರೆ ನೆಲದೊಳಗಿನ ಬದಲಾವಣೆಯನ್ನು ತಿಳಿಸುವುದು ಆ ಬಡ ಏಪ್ರಿಲಿನ ಹರಿವು. ನೆಲ ಹೆಪ್ಪುಗಟ್ಟಿರುವವರೆಗೆ ಮಳೆಯ ನೀರು ಕೆಳಗಿಳಿಯಲಾರದು. ಮೇಲುಮೇಲೆ ಹರಿದು ಬೇಗನೆ ಹೊಳೆ ಸೇರುತ್ತದೆ. ಆ ನೆಲ ಆಳಕ್ಕೆ ಕರಗಿತೆಂದರೆ ಬೇಸಗೆಯ ನೀರು ಒಳಗಿಳಿದು ನಿಂತು, ಚಳಿಗಾಲದಲ್ಲಿ ನಿಧಾನವಾಗಿ ನದಿಗೆ ಒಸರುತ್ತದೆ. ಉತ್ತರದ ಹಲವು ನದಿಗಳಲ್ಲಿ ಚಳಿಗಾಲದ ಹರಿವು ಹೆಚ್ಚುತ್ತಿರುವುದು ಕಂಡುಬಂದಿದೆ. (ಅಣೆಕಟ್ಟುಗಳಿಂದ ಬಿಡುವ ನೀರನ್ನು ಮೊದಲು ಕಳೆಯಬೇಕೆನ್ನಿ, ಯೆನಿಸೇ ನದಿಯ ವಿಷಯದಲ್ಲಿ ಇದೊಂದು ದೊಡ್ಡ ತಲೆನೋವು.) ಹೀಗೆ, ಯಾವ ಕಾಲದ ಅಳತೆ ಅತ್ಯಂತ ಬೆಲೆಯುಳ್ಳದ್ದೋ ಆ ಕಾಲದಲ್ಲಿಯೇ ಆಕಾಶದ ಕಣ್ಣು ಕುರುಡು.

ದೀರ್ಘಕಾಲದ ದಾಖಲೆಯಿಂದ ಏನು ತಿಳಿಯಬಹುದೆಂಬುದಕ್ಕೆ ಒಂದು ನಿದರ್ಶನ. ಯುರೇಷಿಯದ ಆರು ದೊಡ್ಡ ನದಿಗಳು ಆರ್ಕ್ಟಿಕ್ ಸಾಗರಕ್ಕೆ ತರುವ ನೀರು 1936ರಿಂದ 1999ರವರೆಗೆ ನೂರಕ್ಕೆ ಏಳರಷ್ಟು ಹೆಚ್ಚಿತೆಂದು 2002ರಲ್ಲಿ ಪ್ರಕಟವಾಯಿತು. ಮಹಾಯುದ್ಧದ ವರ್ಷಗಳಲ್ಲಿಯೂ ದಡದಲ್ಲಿ ನಿಂತು ಮಟ್ಟ ಓದಿದ ಹೆಸರಿಲ್ಲದ ನೌಕರರಿಂದ ಈ ಮಾತು ಸಾಧ್ಯವಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಣವಿಲ್ಲದೆ ಅಲ್ಲಿ ಅನೇಕ ಮಾಪನ ಕೇಂದ್ರಗಳು ಮುಚ್ಚಿದವು. ಬಡತನವಿಲ್ಲದ ಕೆನಡಾ ಕೂಡ ಅದೇ ದಶಕದಲ್ಲಿ ಮಿತವ್ಯಯದ ಹೆಸರಿನಲ್ಲಿ ಅದನ್ನೇ ಮಾಡಿತು. ಇದಕ್ಕೆ ಯಾವ ಕ್ಷಮೆಯೂ ನಮಗೆ ತೋರದು.

2003ರಿಂದ ರಷ್ಯಾ, ಅಮೆರಿಕ, ಕೆನಡಾಗಳ ವಿಜ್ಞಾನಿಗಳು ಓಬ್, ಯೆನಿಸೇ, ಲೇನಾ, ಕೊಲಿಮಾ, ಮೆಕೆಂಜಿ, ಯೂಕಾನ್ ನದಿಗಳ ನೀರನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸತೊಡಗಿದ್ದರು. ಇವುಗಳಲ್ಲಿ ಮೊದಲ ನಾಲ್ಕು ರಷ್ಯದವು. 2022ರಲ್ಲಿ ರಷ್ಯವು ಯುಕ್ರೇನಿನ ಮೇಲೆ ಪೂರ್ಣ ದಾಳಿ ನಡೆಸಿತು. ಮಾರ್ಚಿಯಲ್ಲಿ ಆರ್ಕ್ಟಿಕ್ ಮಂಡಳಿಯ ಉಳಿದ ಏಳು ದೇಶಗಳು ಅದರೊಡನೆ ಕಲಾಪವನ್ನು ನಿಲ್ಲಿಸಿದವು. ಆಮೇಲೆ ಕೆಲಸ ಅಲ್ಪಸ್ವಲ್ಪ ಸಾಗಿದರೂ ಹಿಂದಿನ ಸಹಕಾರ ಮರಳಲಿಲ್ಲ. ದಾಳಿಯನ್ನು ಖಂಡಿಸಿದುದು ನ್ಯಾಯವೇ. ಆದರೆ ನದಿಯ ಅಂಕಿಗಳನ್ನು ಅದರ ಜೊತೆಗೆ ಕಟ್ಟಿಹಾಕಿದರೆ ದಂಡನೆ ಬೀಳುವುದು ಯಾರ ಮೇಲೆ? 2001ರ ಮೇ ತಿಂಗಳಿನಲ್ಲಿ ಹಿಮದ ಬಂಡೆಗಳು ಲೇನಾ ನದಿಗೆ ಅಡ್ಡಗಟ್ಟಿ ಲೆನ್ಸ್ಕ್ ಪಟ್ಟಣವು ನೀರಿನಲ್ಲಿ ಮುಳುಗಿತು. ಅಂಥ ಪ್ರವಾಹವನ್ನು ಮುಂದಾಗಿ ತಿಳಿಯಬೇಕಾದವರು ಯುದ್ಧ ಹೂಡಿದವರಲ್ಲ; ದಡದಲ್ಲಿ ವಾಸಿಸುವವರು.

ಭಾರತಕ್ಕೆ ಇಲ್ಲಿ ಮಾತನಾಡುವ ಹಕ್ಕಿದೆ. ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಿಂದ ನಮ್ಮ ‘ಹಿಮಾದ್ರಿ’ ಕೇಂದ್ರವಿದೆ; ಅದರ ಬಳಿಯ ಕಡಲತೋಳಿನಲ್ಲಿ 2014ರಲ್ಲಿ ನಮ್ಮವರು ನೀರಿನೊಳಗಿನ ಮಾಪಕಗಳನ್ನು ನೆಲೆಗೊಳಿಸಿದರು; 2013ರಿಂದ ನಾವು ಆರ್ಕ್ಟಿಕ್ ಮಂಡಳಿಯ ವೀಕ್ಷಕ ರಾಷ್ಟ್ರ. ಎರಡು ಪಕ್ಷಗಳೊಡನೆಯೂ ನಮಗೆ ಮಾತುಕತೆಯುಂಟು. ರಷ್ಯದೊಡನೆ ಎಣ್ಣೆ, ಕಲ್ಲಿದ್ದಲುಗಳ ವ್ಯವಹಾರಕ್ಕೆ ಕುಳಿತಾಗ ನಮ್ಮ ಪ್ರತಿನಿಧಿಗಳು ಇನ್ನೊಂದು ಬೇಡಿಕೆಯನ್ನು ಮುಂದಿಡಲಿ: ನಾಲ್ಕು ನದಿಗಳ ದಿನದಿನದ ಹರಿವು, ಚಳಿಗಾಲದ ತಿಂಗಳುಗಳನ್ನೂ ಸೇರಿಸಿ, ಎಲ್ಲ ದೇಶಗಳ ವಿದ್ಯಾರ್ಥಿಗಳಿಗೂ ದೊರೆಯುವಂತೆ ಪ್ರಕಟವಾಗಬೇಕು. ರಂಧ್ರ ಕೊರೆಯುವ ವೀಕ್ಷಕರ ಸಂಬಳದಲ್ಲಿ ಒಂದು ಪಾಲನ್ನು ನಾವು ಕೊಡಬೇಕಾಗಿ ಬಂದರೆ, ಕೊಡೋಣ.