ಬಿಡಿಭಾಗ ತರಿಸಿ ಮನೆಯಲ್ಲೇ ರಿವಾಲ್ವರ್ ಜೋಡಿಸಬಹುದೇ? ಅಮೆರಿಕದ ಹವ್ಯಾಸ, ನಮ್ಮ ಕಾನೂನು

ಮೇಜಿನ ಮೇಲೆ ಬಟ್ಟೆ ಹಾಸಿದೆ. ಅದರ ಮೇಲೆ ನಳಿಗೆ, ಸಿಲಿಂಡರ್, ಸ್ಪ್ರಿಂಗುಗಳು, ನಾಲ್ಕಾರು ಸ್ಕ್ರೂ. ಅಮೆರಿಕದ ಹವ್ಯಾಸಿಯೊಬ್ಬ ಒಂದೊಂದನ್ನೇ ಎತ್ತಿ ಕೂರಿಸುತ್ತಾನೆ. ವಿಡಿಯೊ ಮುಗಿಯುವಷ್ಟರಲ್ಲಿ ರಿವಾಲ್ವರ್ ಸಿದ್ಧ! ಇಂಥ ವಿಡಿಯೊಗಳು ಗ್ರೂಪಿನಿಂದ ಗ್ರೂಪಿಗೆ ಹೋಗುವಾಗ ಎರಡು ನಂಬಿಕೆಗಳೂ ಜೊತೆಯಲ್ಲೇ ಹೋಗುತ್ತವೆ. ಒಂದು, ಭಾಗಗಳು ಸಿಕ್ಕರೆ ಜೋಡಿಸುವುದು ಮಕ್ಕಳಾಟ. ಎರಡು, ಬಿಡಿಭಾಗ ಇಟ್ಟುಕೊಂಡರೆ ತಪ್ಪಿಲ್ಲ, ಜೋಡಿಸಿದ ಮೇಲಷ್ಟೇ ಅದು ಬಂದೂಕು.

ಎರಡೂ ತಪ್ಪು. ಎಂಜಿನಿಯರಿಂಗ್ ಪ್ರಕಾರ, ಭಾಗಗಳನ್ನು ಜೋಡಿಸಿದ ಮಾತ್ರಕ್ಕೆ ಅದು ಸುರಕ್ಷಿತ ರಿವಾಲ್ವರ್ ಆಗುವುದಿಲ್ಲ. ಭಾರತದ ಕಾನೂನಿನ ಪ್ರಕಾರ, ಜೋಡಿಸುವ ಮೊದಲೇ ಅದರ ಬಿಡಿಭಾಗವೂ ಬಂದೂಕೇ. ಏಕೆಂದು ನೋಡೋಣ.

ಅಮೆರಿಕದಲ್ಲಿ ಇದು ನಿಜಕ್ಕೂ ಹವ್ಯಾಸವೇ?

ಹೌದು. ಅಲ್ಲಿನ 1968ರ ಬಂದೂಕು ನಿಯಂತ್ರಣ ಕಾಯ್ದೆಯಡಿ, ಬಂದೂಕು ಹೊಂದಲು ಅರ್ಹನಾದ ವ್ಯಕ್ತಿ ಮಾರಾಟಕ್ಕಲ್ಲದೆ ಸ್ವಂತಕ್ಕಾಗಿ ಸಾಮಾನ್ಯ ಬಂದೂಕೊಂದನ್ನು ತಯಾರಿಸಿಕೊಳ್ಳಲು ಕೇಂದ್ರ ಸರ್ಕಾರದ ತಯಾರಕರ ಲೈಸೆನ್ಸ್ ಬೇಕಿಲ್ಲ. ಆದರೆ ವಿಡಿಯೊದಲ್ಲಿ ಕಾಣದ ಒಂದು ಸಂಗತಿಯಿದೆ. ಅಲ್ಲಿನ ಕಾನೂನು ರಿವಾಲ್ವರಿನ ಚೌಕಟ್ಟನ್ನೇ, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಮೂಲ ಲೋಹದ ಮೈಯನ್ನೇ, ಬಂದೂಕು ಎಂದು ಪರಿಗಣಿಸುತ್ತದೆ. ಅದರ ಮೇಲೆ ಕ್ರಮಸಂಖ್ಯೆ ಇರುತ್ತದೆ. ಲೈಸೆನ್ಸ್ ಇರುವ ವ್ಯಾಪಾರಿಯಿಂದ ಅದನ್ನು ಕೊಳ್ಳುವವರ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಅಂಚೆಯಲ್ಲಿ ಸಲೀಸಾಗಿ ಬರುವುದು ಸ್ಪ್ರಿಂಗು, ಸ್ಕ್ರೂ, ಹಿಡಿಕೆಯಂಥ ಉಳಿದ ಭಾಗಗಳು.

ಅರ್ಧ ಕೆಲಸ ಉಳಿಸಿದ ಕಿಟ್ ಮಾರಿ ಈ ನಿಯಮ ತಪ್ಪಿಸಿಕೊಳ್ಳುವವರೂ ಇದ್ದರು. ಕ್ರಮಸಂಖ್ಯೆ ಇಲ್ಲದ ಇಂಥ ಬಂದೂಕುಗಳಿಗೆ ಅಲ್ಲಿ 'ಗೋಸ್ಟ್ ಗನ್' ಎಂಬ ಹೆಸರೇ ಬಿತ್ತು. ಅಪರಾಧ ನಡೆದ ಜಾಗದಲ್ಲಿ ಸಿಕ್ಕರೆ ಯಾರದೆಂದು ಪತ್ತೆ ಹಚ್ಚುವುದು ಕಷ್ಟ. ಸುಲಭವಾಗಿ ಬಂದೂಕಾಗಿ ಬದಲಾಗುವ ಕಿಟ್‌ಗಳಿಗೂ ಕ್ರಮಸಂಖ್ಯೆ, ಹಿನ್ನೆಲೆ ಪರಿಶೀಲನೆ ಬೇಕು ಎಂಬ ನಿಯಮ 2022ರಲ್ಲಿ ಬಂತು. ಮಾರ್ಚ್ 2025ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ನಿಯಮ ಇನ್ನೂ ಬಿಗಿ. ಹಾಗಾಗಿ 'ಅಮೆರಿಕದಲ್ಲಿ ಯಾರು ಬೇಕಾದರೂ ಮಾಡಬಹುದು' ಎಂಬ ಮಾತು ಅಲ್ಲಿಗೂ ಪೂರ್ತಿ ಅನ್ವಯಿಸುವುದಿಲ್ಲ.

ಇನ್ನೊಂದು ಬಗೆಯ ಕಿಟ್ ಹಳೆಯ ಮಾದರಿಯದು. 19ನೇ ಶತಮಾನದ ಕರಿಮದ್ದಿನ ರಿವಾಲ್ವರುಗಳ ಪ್ರತಿಕೃತಿ ಇವು. ಅಲ್ಲಿನ ಕೇಂದ್ರ ಕಾನೂನು ಇವನ್ನು 'ಪುರಾತನ' ಎಂಬ ಬೇರೆ ಗುಂಪಿಗೆ ಸೇರಿಸಿದೆ. ಲೋಹ ಉಜ್ಜಿ ಹೊಳಪು ಕೊಡುವುದು, ಮರದ ಹಿಡಿಕೆ ತೀಡುವುದು ಇಲ್ಲಿನ ಮುಖ್ಯ ಕೆಲಸ. ಹಾಗಂತ ಇವು ಆಟಿಕೆಗಳಲ್ಲ. ಒಂದು ಕೋಣೆಯ ಕಿಡಿ ಪಕ್ಕದ ಕೋಣೆಗಳಿಗೆ ಹಾರಿ ಹಲವು ಗುಂಡುಗಳು ಒಟ್ಟಿಗೆ ಸಿಡಿಯುವುದುಂಟು. ಇವುಗಳಿಗೆ ಆಧುನಿಕ ಹೊಗೆರಹಿತ ಮದ್ದು ತುಂಬಿದರೆ ರಿವಾಲ್ವರೇ ಒಡೆದು ಚೂರಾಗಬಹುದು.

ಜೋಡಿಸಿದರೆ ಸಾಕೇ?

ಯಾವ ಭಾಗವನ್ನು ಬೇಕಾದರೂ ತೆಗೆದು ಅದೇ ಮಾದರಿಯ ಇನ್ನೊಂದನ್ನು ಹಾಕಬಹುದು ಎಂಬ ಕಲ್ಪನೆ ಪ್ರಸಿದ್ಧವಾದದ್ದೇ ಬಂದೂಕು ಕಾರ್ಖಾನೆಗಳಿಂದ. 1836ರಲ್ಲಿ ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಕೋಲ್ಟ್, ಯಂತ್ರದಿಂದ ತಯಾರಾದ ಬಿಡಿಭಾಗಗಳನ್ನೇ ತನ್ನ ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತಿದ್ದ. ಆದರೆ ಅವನ ಕಾರ್ಖಾನೆಯ ಹಳೆಯ ರಿವಾಲ್ವರುಗಳನ್ನು ಬಿಚ್ಚಿ ನೋಡಿದರೆ ಚೌಕಟ್ಟು, ನಳಿಗೆ, ಸಿಲಿಂಡರ್ ಎಲ್ಲದರ ಮೇಲೂ ಒಂದೇ ಸಂಖ್ಯೆ ಒತ್ತಿರುತ್ತದೆ. ಏಕೆ? ಕೆಲಸಗಾರರು ಅರ ಹಿಡಿದು ಒಂದು ಭಾಗವನ್ನು ಇನ್ನೊಂದಕ್ಕೆ ಹೊಂದಿಸಿ, ಬಿಚ್ಚಿ, ಕಾಯಿಸಿ ಗಟ್ಟಿ ಮಾಡಿದ ಮೇಲೆ ಅದೇ ಜೋಡಿಯನ್ನು ಮತ್ತೆ ಸೇರಿಸಬೇಕಿತ್ತು. ಯಂತ್ರ ಮುಕ್ಕಾಲು ಕೆಲಸ ಮಾಡಿದರೂ ಕೊನೆಯ ಹದ ಕೈಯದೇ. ಇಂದಿನ ಯಂತ್ರಗಳು ಎಷ್ಟೋ ನಿಖರ. ಆದರೂ ಸಿಲಿಂಡರ್ ಅಥವಾ ನಳಿಗೆ ಬದಲಿಸಿದರೆ ನುರಿತವರು ಅಳತೆ ನೋಡಿ ಹೊಂದಿಸಲೇಬೇಕು.

ಈ ಹದ ಯಾಕೆ ಮುಖ್ಯ? ಪಿಸ್ತೂಲಿನಲ್ಲಿ ಕಾಡತೂಸು ಕೂರುವ ಕೋಣೆ ನಳಿಗೆಯ ಭಾಗವೇ ಆಗಿರುತ್ತದೆ. ರಿವಾಲ್ವರಿನಲ್ಲಿ ಹಾಗಲ್ಲ. ತಿರುಗುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಆರು ಕೋಣೆಗಳಿರುತ್ತವೆ. ಟ್ರಿಗರ್ ಎಳೆದಾಗ ಪ್ರತಿ ಕೋಣೆಯೂ ನಳಿಗೆಯ ನೇರಕ್ಕೆ ಬಂದು, ಕರಾರುವಾಕ್ಕಾಗಿ ನಿಂತು, ಬೀಗ ಬೀಳಬೇಕು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಅಂದರೆ ಒಂದೆರಡು ಕೂದಲೆಳೆಯಷ್ಟು. ಕೋಣೆ ಸ್ವಲ್ಪ ಓರೆಯಾಗಿ ನಿಂತರೂ ಗುಂಡು ನಳಿಗೆಯ ಅಂಚಿಗೆ ಬಡಿದು ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಹಿಡಿದವರ ಕೈ, ಪಕ್ಕದಲ್ಲಿ ನಿಂತವರ ಕಣ್ಣು ಅದೇ ದಾರಿಯಲ್ಲಿರುತ್ತವೆ.

ಒತ್ತಡದ ಲೆಕ್ಕ ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಸುಮಾರು 32ರಿಂದ 35 ಪಿಎಸ್‌ಐ. '.38 ಸ್ಪೆಷಲ್' ಕಾಡತೂಸಿನ ಗರಿಷ್ಠ ಒತ್ತಡದ ಮಿತಿ 17,000 ಪಿಎಸ್‌ಐ, '.357 ಮ್ಯಾಗ್ನಂ'ನದು 35,000. ಟೈರಿಗಿಂತ ಸುಮಾರು ಸಾವಿರ ಪಟ್ಟು! ಈ ಎರಡರ ಗುಂಡಿನ ದಪ್ಪ ಒಂದೇ. ಬಲವಾದ ಕಾಡತೂಸು ತಪ್ಪಿಯೂ ದುರ್ಬಲ ರಿವಾಲ್ವರಿಗೆ ಹೋಗಬಾರದೆಂದು 1930ರ ದಶಕದಲ್ಲಿ ಮ್ಯಾಗ್ನಂ ರೂಪಿಸಿದವರು ಅದನ್ನು ಸುಮಾರು 3 ಮಿ.ಮೀ. ಉದ್ದ ಮಾಡಿದರು. ಬೇರೆ ಬೇರೆ ಕಡೆಯ ಭಾಗ ಸೇರಿಸುವವರ ಮೇಜಿನ ಮೇಲೆ ಇಂಥ ಮುನ್ನೆಚ್ಚರಿಕೆಯ ಖಾತ್ರಿ ಇರುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಷ್ಟು ಹಿಂದೆಯೇ ಸಂಸತ್ತಿನ ಕಾಯ್ದೆಯ ಮೂಲಕ ಪರೀಕ್ಷಾ ಕೇಂದ್ರ ಶುರುವಾದದ್ದು ಇದೇ ಭಯದಿಂದ. ಮಾರುವ ಮೊದಲು ನಳಿಗೆಯಲ್ಲಿ ಹೆಚ್ಚಿನ ಮದ್ದು ಸಿಡಿಸಿ, ತಾಳಿದರೆ ಮಾತ್ರ ಮುದ್ರೆ ಒತ್ತುತ್ತಿದ್ದರು.

ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಅಮೆರಿಕದಂತೆ ಚೌಕಟ್ಟಿಗಷ್ಟೇ ನಿಲ್ಲುವುದಿಲ್ಲ. ಅದರ 2ನೇ ಸೆಕ್ಷನ್ನಿನ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗಗಳು, ಬಂದೂಕು ತಯಾರಿಸುವ ಯಂತ್ರಗಳು ಎರಡೂ ಸೇರಿವೆ. ಉಳಿದದ್ದು ಹೀಗೆ:

• ಲೈಸೆನ್ಸ್ ಇಲ್ಲದೆ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಮಾರ್ಪಡಿಸುವಂತಿಲ್ಲ (ಸೆಕ್ಷನ್ 5). 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ.
• ಆಟಿಕೆ ಅಥವಾ ನಕಲಿ ಬಂದೂಕನ್ನು ಗುಂಡು ಹಾರುವಂತೆ ಬದಲಿಸುವುದಕ್ಕೂ ಲೈಸೆನ್ಸ್ ಬೇಕು (ಸೆಕ್ಷನ್ 6).
• ಹೊರದೇಶದಿಂದ ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ (ಸೆಕ್ಷನ್ 10). 'ಬರೀ ಸ್ಪೇರ್ ಪಾರ್ಟ್' ಎಂಬ ಸಬೂಬು ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ.

ನನ್ನ ಹತ್ತಿರ ರಿವಾಲ್ವರ್ ಲೈಸೆನ್ಸ್ ಇದೆಯಲ್ಲ ಎನ್ನುವಂತೆಯೂ ಇಲ್ಲ. ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತಯಾರಿಸುವ ಲೈಸೆನ್ಸ್ ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯ ಹೆಸರನ್ನೂ ಕೆಲವರು ಎಳೆದು ತರುತ್ತಾರೆ. 2029ರವರೆಗೆ ಮುಂದುವರಿದಿರುವ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮನೆಯಲ್ಲಿ ರಿವಾಲ್ವರ್ ತಯಾರಿಸುವುದಕ್ಕಲ್ಲ.

ಹಾಗಾದರೆ ಆಸಕ್ತಿ ಇದ್ದವರು ಏನು ಮಾಡಬೇಕು?

ರಿವಾಲ್ವರಿನ ಒಳಗಿನ ಕೆಲಸ ಕುತೂಹಲದ ವಿಷಯವೇ. ಅದನ್ನು ತಿಳಿಯಲು ಕಂಪ್ಯೂಟರಿನಲ್ಲಿ ಬಿಚ್ಚಿ ಜೋಡಿಸುವ ಮೂರು ಆಯಾಮದ ಅನಿಮೇಷನ್‌ಗಳಿವೆ, ವಸ್ತುಸಂಗ್ರಹಾಲಯಗಳಿವೆ. ಗುರಿಯಿಡುವ ಆಸೆ ಇದ್ದರೆ ಮಾನ್ಯತೆ ಪಡೆದ ರೈಫಲ್ ಅಸೋಸಿಯೇಷನ್ ಸೇರಿ, ತರಬೇತುದಾರರ ಕಣ್ಣೆದುರಿಗೆ ಕಲಿಯಬಹುದು.

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ತುಕ್ಕು ಹಿಡಿದ ಕೋವಿಯೋ ಅದರ ನಳಿಗೆಯೋ ಸಿಕ್ಕಿದರೆ ವಿಡಿಯೊ ನೋಡಿ ರಿಪೇರಿಗೆ ಇಳಿಯಬೇಡಿ. ಗುಂಡು ಒಳಗೇ ಇರಬಹುದು. ಮುಟ್ಟದೆ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಲೈಸೆನ್ಸ್ ಇರುವ ಬಂದೂಕು ಕೆಟ್ಟರೆ ಪರವಾನಗಿ ಪಡೆದ ರಿಪೇರಿದಾರರ ಬಳಿಗೇ ಒಯ್ಯಿರಿ.

ಮುಂದಿನ ಸಲ ಆ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಇಷ್ಟು ಬರೆದರೆ ಸಾಕು: ಅದು ಅಮೆರಿಕದ್ದು, ಅಲ್ಲೂ ಚೌಕಟ್ಟಿಗೆ ಲೆಕ್ಕವಿದೆ, ಇಲ್ಲಿ ಒಂದು ಬಿಡಿಭಾಗವೂ ಬಂದೂಕೇ. ಹುಡುಗರಿರುವ ಗ್ರೂಪಾದರೆ ಖಂಡಿತ ಬರೆಯಿರಿ. ಗೊತ್ತಿಲ್ಲದೆ ತರಿಸಿದ ಒಂದು ಪಾರ್ಸೆಲ್ಲಿನಿಂದ ಅವರ ಓದು, ಕೆಲಸ ಎಲ್ಲವೂ ಕೋರ್ಟು ಕಚೇರಿಯ ಪಾಲಾಗಬಾರದು.