ಪದ್ಮಿನಿಗೆ ಪುಟ್ಟಿ ಮೆತ್ತೂದು ಬ್ಯಾಡ

ನಮ್ಮ ಹಳೇ ಪದ್ಮಿನಿ ಕಾರಿಗೆ ಮೂರು ವಾರದಾಗ ಪುಟ್ಟಿ ಮೆತ್ತಿ, ಬಿಳಿ ಬಣ್ಣ ಹೊಡಿಸಿ, ಮಾಘದಾಗಿನ ಮದುವಿಗೆ ಹೂವಿನ ಮಾಲಿ ಹಾಕಿ ನಿಲ್ಲಸೋಣ ಅಂತ ಮನ್ಯಾಗ ಎಲ್ಲಾರೂ ಒಂದು ಕಡೆ, ನಾ ಒಬ್ಬಾಕಿ ಒಂದು ಕಡೆ. ವೈನಿ ಅಂತೂ ಫೋನ್ ಮಾಡಿ, "ಕಾರಿಂದು ನಿನಗೇನು ತಿಳೀತದ, ಗಂಡಸರು ನೋಡ್ಕೋತಾರ ಬಿಡು" ಅಂದ್ರು. ಅದಕ್ಕ ಇದನ್ನ ಬರೀಲಿಕ್ಕೆ ಕೂತೀನಿ. ಕಾರಿಂದು ನನಗ ಭಾಳ ತಿಳೀತದ ಅಂತ ನಾ ಎಲ್ಲೂ ಹೇಳಿಲ್ಲ. ಕಬ್ಬಿಣದ್ದು ತಿಳೀತದ. ಮೂವತ್ತೆರಡು ವರ್ಷ ಕಬ್ಬಿಣದ ಹಂಚಿನ ಮ್ಯಾಲೆ ಜ್ವಾಳದ ರೊಟ್ಟಿ ಬೇಯಿಸಿದಾಕಿಗೆ ಜಂಗು ಅಂದ್ರ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಾರು ನಮ್ಮ ಮಾವನವರದ್ದು, 1978ರದ್ದು. ಮುಂಬಯಿಯ ಕುರ್ಲಾದಾಗ ಪ್ರೀಮಿಯರ್ ಕಂಪನಿಯವರು ಇಟಲಿಯ ಫಿಯಾಟ್ 1100ಡಿ ಕಾರನ್ನ 1964ರಿಂದ ಇಲ್ಲೇ ತಯಾರು ಮಾಡ್ತಿದ್ದರು. ಮುಂದ ಅದಕ್ಕ ಪದ್ಮಿನಿ ಅಂತ ಹೆಸರು ಬಂತು. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿ ನೆನಪದಲ್ಲ, ಅದ ಇದು. ಅಲ್ಲಿ ಕಡೀ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ದಾಗ ರಸ್ತೆ ಬಿಟ್ಟಿತು ಅಂತ ಪೇಪರಿನ್ಯಾಗ ಬಂದಾಗ ನಮ್ಮ ಮನಿಯವರು ಎರಡು ದಿವಸ ಸರಿಯಾಗಿ ಊಟಾ ಮಾಡಲಿಲ್ಲ. ಆವಾಗಿಂದ ಇವರ ತಲ್ಯಾಗ ಹೊಕ್ಕದ್ದು ಇದು: ಹಿತ್ತಲದಾಗ ನಿಂತ ಅಪ್ಪನ ಕಾರನ್ನ ಎಬ್ಬಿಸಬೇಕು ಅಂತ. ನಾ ಬ್ಯಾಡ ಅನ್ನಲಿಲ್ಲ. ಆ ಕಾಲಕ್ಕ ಕಾರು ಅಂದ್ರ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು, ಕಾದು ತೊಗೊಂಡ ಸಾಮಾನು ಅದು. ಗೇರು ಸ್ಟೇರಿಂಗ್ ಪಕ್ಕದಾಗ, ಮುಂದಿನ ಸೀಟು ಬಾಕಿನಂಗ ಉದ್ದ. ನಾವು ಎಂಟು ಮಂದಿ, ಮ್ಯಾಲೆ ಎರಡು ಬುತ್ತಿ ಗಂಟು, ಒಂದು ನೀರಿನ ಕೊಡ, ಎಲ್ಲಾ ಹಿಡೀತಿತ್ತು.

ಆದ್ರ ಮಾವನವರಿಗೆ ನಡಕ ನಾಲ್ಕು ವರ್ಷ ಕಾರವಾರಕ್ಕ ವರ್ಗ ಆಗಿತ್ತು. ಕಬ್ಬಿಣ, ನೀರು, ಗಾಳಿ ಮೂರೂ ಕೂಡಿದ್ರ ಜಂಗು ಹುಟ್ಟತದ, ಅದಕ್ಕ ಉಪ್ಪು ಸೇರಿದ್ರಂತೂ ಓಡತದ. ಸಮುದ್ರದ ದಂಡಿ ಗಾಳಿ ಆವಾಗ ಹೊಕ್ಕದ್ದು ಒಳಗ ಕೂತಿತ್ತು. ಮುಂದ ಹುಬ್ಬಳ್ಳಿಗೆ ಬಂದ ಮ್ಯಾಲೆ ಹನ್ನೊಂದು ವರ್ಷ ಮಾವಿನ ಗಿಡದ ಕೆಳಗ ತಾಡಪತ್ರಿ ಹೊದಿಸಿ ನಿಲ್ಲಿಸಿದ್ದರು. ತಾಡಪತ್ರಿ ಹಾಕೇವಿ, ಸುರಕ್ಷಿತ ಅದ ಅಂತ ಎಲ್ಲಾರೂ ಸಮಾಧಾನದಿಂದ ಇದ್ದರು. ಹಸಿ ಹಂಚನ್ನ ಒರಸದ ಮುಚ್ಚಿ ಇಟ್ಟು ನೋಡ್ರಿ, ಬಿಸಿಲಾಗ ಇಟ್ಟದ್ದಕ್ಕಿಂತ ಮೊದಲ ಕೆಂಪಾಗತದ. ತಾಡಪತ್ರಿ ಕೆಳಗ ಆದದ್ದೂ ಅದ. ನೆಲದ ಹಸಿ ಮ್ಯಾಲೆ ಏರತದ, ಹೊರಗ ಹೋಗಲಿಕ್ಕೆ ದಾರಿ ಇಲ್ಲ.

ಕಾರಿನ ಬಾಗಲದ ಕೆಳಗ ಒಂದು ಉದ್ದನ ಪಟ್ಟಿ ಇರತದ, ನಾವು ಹತ್ತುವಾಗ ಕಾಲು ದಾಟಸ್ತೀವಲ್ಲ, ಅದು. ಟಿಂಕರ್ ಅದಕ್ಕ ಸಿಲ್ ಅಂತಾನ. ನಾ ಅದಕ್ಕ ಕಾರಿನ ಹೊಸ್ತಲ ಅಂತೀನಿ. ಜೀಪು, ಲಾರಿಗೆ ಕೆಳಗ ಬ್ಯಾರೆ ಕಬ್ಬಿಣದ ಚೌಕಟ್ಟು ಇರತದ, ಮ್ಯಾಲಿನ ಬಾಡಿ ಅದರ ಮ್ಯಾಲೆ ಕೂತಿರತದ. ಪದ್ಮಿನಿಗೆ ಆ ಬ್ಯಾರೆ ಚೌಕಟ್ಟು ಇಲ್ಲ. ನೆಲದ ತಗಡು, ಈ ಹೊಸ್ತಲ, ಬಾಗಲದ ಕಂಬ ಎಲ್ಲಾ ಕೂಡಿನ ಭಾರ ಹೊರತಾವ. ಈ ಮಾತು ನನಗ ತಿಳದ ದಿವಸದಿಂದ ನನ್ನ ಹಟ ಶುರು ಆಗೇದ. ಹೊರಗಿನ ಮಡ್‌ಗಾರ್ಡಿಗೆ ತೂತು ಬಿದ್ರ ಚಂದ ಕೆಡತದ, ಅಷ್ಟ. ಹೊಸ್ತಲಕ್ಕ ತೂತು ಬಿದ್ರ ಮನಿ ತೊಲಿಗೆ ಗೆದ್ದಲ ಹತ್ತಿದ್ಹಂಗ.

ಎಲ್ಲೆಲ್ಲಿ ಕೆಟ್ಟದ ಅಂತ ನೋಡೂದು ಗಂಡಸರ ವಿದ್ಯಾ ಏನಲ್ಲ. ಫ್ರಿಜ್ಜಿಗೆ ಅಂಟಸೂ ಸೂಜಿಗಲ್ಲು ತೊಗೊಂಡು, ಬಣ್ಣಕ್ಕ ಗೀರು ಬೀಳಧಂಗ ಒಂದು ಅರಬಿ ಸುತ್ತಿ, ಕಾರಿನ ಮೈ ತುಂಬ ಆಡಸ್ರಿ. ತಗಡು ಇದ್ದಲ್ಲೆ ಕಚ್ಚಿ ಹಿಡೀತದ, ಪುಟ್ಟಿ ಇದ್ದಲ್ಲೆ ಜಾರಿ ಬೀಳತದ. ಸಂತಿಯಾಗ ಗಡಿಗಿ ತೊಗೊಳ್ಳುವಾಗ ಬಡದು ನೋಡ್ತೀವಲ್ಲ, ಹಂಗ ಬೆರಳ ಗಂಟಿನಿಂದ ಬಡೀರಿ. ಠಣ್ ಅಂದ್ರ ಛೊಲೊ, ಧಬ್ ಅಂದ್ರ ಒಳಗ ಏನೋ ತುಂಬ್ಯಾರ. ನಾ ನಮ್ಮ ಎಡಗಡೆ ಹೊಸ್ತಲಕ್ಕ ಹಿಂಗ ಮಾಡಿದಾಗ ಒಂದು ಮೊಳ ಉದ್ದ ಧಬ್ ಧಬ್ ಅಂತು. ಸ್ಕ್ರೂಡ್ರೈವರ್ ತುದಿ ಒತ್ತಿದ್ರ ಹಪ್ಪಳಧಂಗ ಪುಡಿ ಆತು. ಒಳಗಿಂದ ಏನು ಬಂತು ಅಂತೀರಿ? ಹಳೇ ಪೇಪರ್ ಉಂಡಿ, ಒಂದು ತುಂಡು ಜಾಳಿಗಿ, ಅದರ ಮ್ಯಾಲೆ ಬೆರಳು ದಪ್ಪ ಪುಟ್ಟಿ! ಹಿಂದ ಯಾವಾಗೋ ಬಣ್ಣ ಹೊಡದಾಂವ ಮಾಡಿದ ಕೆಲಸ. ಆ ಪೇಪರ್ ಉಂಡಿ ನೀರು ಹೀರಿಕೊಂಡು ಇಷ್ಟು ವರ್ಷ ಕಬ್ಬಿಣಕ್ಕ ಹಸಿ ಅರಬಿ ಕಟ್ಟಿದ್ಹಂಗ ಕೂತಿತ್ತು. ಅದ್ರಾಗ ನಮ್ಮ ಮಕ್ಕಳನ್ನ ಕೂಡಿಸಿಕೊಂಡು ಧಾರವಾಡಕ್ಕ ಹೋಗಿ ಬಂದೇವಿ.

ಈಗ ಮತ್ತ ಅದನ್ನ ಮಾಡೋಣ ಅಂತಾರ ಇವರು, ಈ ಸಲ ಛೊಲೊ ಕಂಪನಿ ಪುಟ್ಟಿ ತೊಗೊಂಡು!

ಪುಟ್ಟಿ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಗಟ್ಟಿ ತಗಡಿನ ಮ್ಯಾಲೆ ತೆಳ್ಳಗ, ಒಂದೆರಡು ಮಿಲಿಮೀಟರ್, ಏರಿಳಿತ ಸಮ ಮಾಡಲಿಕ್ಕೆ ಹಚ್ಚಿದ್ರ ಅದರ ಕೆಲಸ ಅದು ಮಾಡತದ. ಆದ್ರ ಅದಕ್ಕ ಭಾರ ಹೊರೂ ಶಕ್ತಿ ಇಲ್ಲ, ಮ್ಯಾಲೆ ನೀರು ಹೀರತದ. ಕೆಳಗ ಜಂಗು ಉಳದಿದ್ರ ಅದು ಸುಮ್ಮ ಕೂಡೂದಿಲ್ಲ. ಕಬ್ಬಿಣ ಜಂಗಾದಾಗ ಇದ್ದದ್ದಕ್ಕಿಂತ ಹೆಚ್ಚು ಜಾಗಾ ತೊಗೊಂಡು ಉಬ್ಬತದ, ಮ್ಯಾಲಿನ ಬಣ್ಣನ್ನ ಪುರಿ ಉಬ್ಬಿಸಿದ್ಹಂಗ ಎತ್ತತದ. ಒಂದೆರಡು ಮಳಿಗಾಲ ದಾಟೂದ್ರಾಗ ಗುಳ್ಳಿ ಏಳತಾವ. ಅಷ್ಟೊತ್ತಿಗೆ ಫೋಟೋ ತಗದಾಗಿರತದ, ಟಿಂಕರ್ ರೊಕ್ಕ ಎಣಿಸಿಕೊಂಡಾಗಿರತದ.

ಹಂಗಾರ ಏನು ಮಾಡಬೇಕು? ಕೆಟ್ಟದ್ದನ್ನ ಕತ್ತರಿಸಿ ತಗೀಬೇಕು. ಹರದ ಸೀರಿಗೆ ತ್ಯಾಪಿ ಹಚ್ಚುವಾಗ ಪಿಸದ ಜಾಗಾಕ್ಕ ಹೊಲಿಗಿ ಹಾಕಿದ್ರ ನಿಲ್ಲತದೇನು? ಗಟ್ಟಿ ಅರಬಿ ಸಿಗೂತನಕ ಹಿಂದ ಸರೀಬೇಕು. ತಗಡಿಗೂ ಹಂಗ, ಹೊಳಿಯೂ ಕಬ್ಬಿಣ ಕಾಣೂತನಕ ಕತ್ತರಿಸಿ, ಹೊಸಾ ತಗಡು ಬಗ್ಗಿಸಿ ವೆಲ್ಡಿಂಗ್ ಮಾಡಬೇಕು. ಈ ಕಾರಿಗೆ ತಯಾರ ಹೊಸ್ತಲ ಅಂಗಡ್ಯಾಗ ಸಲೀಸಾಗಿ ಸಿಗೂದಿಲ್ಲ. ನಮ್ಮ ಓಣಿಯ ಹಳೇ ಟಿಂಕರ್ ಕಾಕಾ ಒಬ್ಬರು ಕಟ್ಟಿಗಿ ತುಂಡಿನ ಮ್ಯಾಲೆ ಸುತ್ತಿಗಿಲೆ ಬಡದು ಬಡದು ಮೂಲದ್ಹಂಗ ಮಾಡಿ ಕೊಟ್ಟಾರ. ಅದನ್ನ ನೋಡಲಿಕ್ಕೆ ನಾ ಮಧ್ಯಾಹ್ನದ ನಿದ್ದಿ ಬಿಟ್ಟು ಕೂಡತಿದ್ದೆ. ಕಾಕಾ ಮೊದಲ ಮಾಡಿದ ಕೆಲಸ ಏನಂದ್ರ, ಕತ್ತರಿ ಹಚ್ಚೂಕಿಂತ ಮುಂಚೆ ಬಾಗಲದ ಎರಡೂ ಕಂಬದ ನಡಕ ಕಬ್ಬಿಣದ ಪೈಪು ಕೂಡಿಸಿ ಬಿಗದ್ರು. ಇಲ್ಲಂದ್ರ ಹೊಸ್ತಲ ತಗದ ಕೂಡಲೆ ಕಾರು ನಡಕ ಕುಸದು, ಮುಂದ ಯಾವ ಬಾಗಲಾನೂ ಸರಿ ಹಾಕಲಿಕ್ಕೆ ಬರೂದಿಲ್ಲ. ಆಮ್ಯಾಲೆ ವೆಲ್ಡಿಂಗ್ ಒಂದ ಸವನ ಎಳೀಲಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಲಿಕ್ಕೆ ಬಿಟ್ಟು ಮತ್ತ ನಡಕೊಂದು. ಬ್ಲೌಸಿಗೆ ಕಚ್ಚಾ ಹೊಲಿಗಿ ಹಾಕೂಹಂಗ. ಒಂದು ಮಿಲಿಮೀಟರ್ ಆಸುಪಾಸಿನ ತೆಳ್ಳನ ತಗಡು, ಒಂದ ಕಡೆ ಕಾಸಿದ್ರ ಹಪ್ಪಳ ಸುಟ್ಟಾಗ ಮುದುರೂಹಂಗ ಮುದುರತದ.

ಒಂದು ಕಿಲೋ ತಗಡಿಗೆ ಒಂದು ಕಿಲೋ ತೊಗರಿಬ್ಯಾಳಿಯಷ್ಟೂ ಬೀಳೂದಿಲ್ಲ. ತುಟ್ಟಿ ಆಗೂದು ಕೈ ಕೆಲಸ, ಅದಕ್ಕಿಂತ ತುಟ್ಟಿ ವ್ಯಾಳ್ಯಾ. ಒಂದು ಹೊಸ್ತಲಕ್ಕ ಹದಿನೈದು ದಿವಸ ಹಿಡೀತು. ಅದಕ್ಕ ಮೂರು ವಾರದಾಗ ಪೂರಾ ಕಾರು ಅಂದಾಂವ ಏನು ಮಾಡಾಂವ ಅಂತ ನನಗ ಲೆಕ್ಕ ಸಿಗತದ.

ಇನ್ನ ಮನ್ಯಾಗ ಈ ಕೆಲಸ ಮಾಡುವಾಗಿನ ಮಾತು. ಇದನ್ನ ಗಂಡಸರು ಯಾರೂ ಬರಿಯೂದಿಲ್ಲ, ಯಾಕಂದ್ರ ಕಸಾ ಹೊಡಿಯೂದು ಅವರಲ್ಲ. ಹಳೇ ಬಣ್ಣದಾಗ ಸೀಸ ಇರತದ ಅಂತ ತಿಳಕೊಂಡ ನಡೀರಿ. ನಮ್ಮ ದೇಶದಾಗ ಮನಿ ಬಣ್ಣಕ್ಕ ಸೀಸದ ಮಿತಿ ಕಾಯ್ದೆ ಬಂದದ್ದ 2016ರಾಗ, ಇದು 1978ರ ಕಾರಿನ ಬಣ್ಣ. ಒಣಾ ಒಣಾ ತಿಕ್ಕಿದ್ರ ಆ ಪುಡಿ ಒಣಹಾಕಿದ ಸಂಡಿಗಿ ಮ್ಯಾಲೆ, ಸಣ್ಣ ಹುಡುಗರ ಕೈಗೆ, ಎಲ್ಲಾ ಕಡೆ ಹೋಗತದ. ನಮ್ಮನ್ಯಾಗ ನಾ ಹಾಕಿದ ಕಾಯ್ದೆ ಇವು: ನೀರು ಹಚ್ಚಿ ತಿಕ್ಕಬೇಕು, ಕೆಳಗ ಹಾಸಿದ ಪ್ಲಾಸ್ಟಿಕ್ ಹಾಳಿ ಸುತ್ತಿ ಒಯ್ದು ಹಾಕಬೇಕು, ಕಸಬರಿಗಿ ಮುಟ್ಟಬಾರದು, ಒದ್ದಿ ಅರಬಿಲೆ ಒರಸಬೇಕು. ಕೆಲಸದ ಅಂಗಿ ಬ್ಯಾರೆ, ಅದನ್ನ ತೊಳಿಯೂದೂ ಬ್ಯಾರೆ, ಅದೂ ಅವರ ತೊಳೀಬೇಕು. ಮೊಮ್ಮಗಳು ಹಿತ್ತಲಕ್ಕ ಬರೂಹಂಗಿಲ್ಲ. ವೆಲ್ಡಿಂಗ್ ಇದ್ದ ದಿವಸ ಬ್ಯಾಟರಿ, ಪೆಟ್ರೋಲ್ ಟಾಕಿ, ಸೀಟು, ಮ್ಯಾಟು ಎಲ್ಲಾ ಹೊರಗ, ಬೆಂಕಿ ಆರಿಸೂ ಸಿಲಿಂಡರ್ ಕೈಗೆ ಸಿಗೂಹಂಗ ಮುಂದ. ಕಿಡಿ ಎಲ್ಲೋ ಸಂದ್ಯಾಗ ಹೊಕ್ಕು ಒಂದು ತಾಸಿನ ಮ್ಯಾಲೆ ಹೊಗಿ ಎಬ್ಬಸತದ. ಅದಕ್ಕ ಕೆಲಸ ಮುಗದ ಕೂಡಲೆ ಎಲ್ಲಾರೂ ಚಹಾಕ್ಕ ಎದ್ದು ಹೋಗೂದು ಬಂದ್, ಚಹಾ ನಾನ ಅಲ್ಲೇ ತಂದು ಕೊಡ್ತೀನಿ.

ಕಡೀ ಬಣ್ಣ ಮಾತ್ರ ಮನ್ಯಾಗ ಹೊಡಿಯೂದು ಸುತಾರಾಂ ಬ್ಯಾಡ. ಈಗಿನ ಕಾರಿನ ಬಣ್ಣಕ್ಕ ಕೂಡಸೂ ಹಾರ್ಡನರ್‌ದಾಗ ಐಸೊಸೈನೇಟ್ ಅಂತ ಇರತದ, ಅದರ ಮಂಜು ಎದಿಯೊಳಗ ಹೋದ್ರ ಕಾಯಂ ದಮ್ಮು ಹತ್ತಬಹುದು. ನಾವು ಕೊರೊನಾದಾಗ ಹಾಕ್ಕೊಂಡ ಮಾಸ್ಕ್ ಅದಕ್ಕ ಏನೂ ಸಾಲೂದಿಲ್ಲ. ಅದು ಬಣ್ಣದ ಬೂತ್ ಇದ್ದಲ್ಲೆ, ಸರಿಯಾದ ಮುಖವಾಡ ಇದ್ದವರು ಮಾಡೂ ಕೆಲಸ. ನಮ್ಮ ಅತ್ತಿಯವರಿಗೆ ಮೊದಲ ಚಳಿಗಾಲದಾಗ ಉಸಿರು ಕಟ್ಟತದ.

ನಾದಿನಿ ಅಂತಾಳ, "ಇಷ್ಟೆಲ್ಲಾ ಯಾಕ ವೈನಿ, ಗುಜರಿಗೆ ಹಾಕಿಬಿಡ್ರಿ, ಇದು ವಿಂಟೇಜೂ ಅಲ್ಲ." ಖರೆ, ಸರಕಾರದ ಲೆಕ್ಕದಾಗ ಐವತ್ತು ವರ್ಷ ದಾಟಿದ್ರ ವಿಂಟೇಜ್, ಇದಕ್ಕ ಇನ್ನೂ ಅಷ್ಟು ಆಗಿಲ್ಲ. ಮಾರಿದ್ರ ಹಾಕಿದ ರೊಕ್ಕ ತಿರಗಿ ಬರೂದಿಲ್ಲ ಅನ್ನೂದೂ ಖರೆ. ಆದ್ರ ನಮ್ಮ ಮನ್ಯಾಗಿನ ಎಷ್ಟು ಸಾಮಾನು ಮಾರಿದ ಬೆಲಿಗೆ ಇಟ್ಟೇವಿ? ಅಜ್ಜಿ ಕೌದಿ ಮಾರಿದ್ರ ಎಷ್ಟು ಬರತದ? ಇಟ್ಟುಕೊಳ್ಳೂದಾದ್ರ ಗಟ್ಟಿ ಇಟ್ಟುಕೊಳ್ಳೋಣ, ಇಲ್ಲಂದ್ರ ನಾದಿನಿ ಹೇಳಿದ್ಹಂಗ ಗುಜರಿಗೆ ಕೊಡೋಣ, ಅದಕ್ಕೂ ನಾ ತಯಾರ ಇದ್ದೀನಿ. ಮ್ಯಾಲೆ ಬಣ್ಣ ಬಳದು ಒಳಗ ಪುಡಿ ಇಟ್ಟು, ಅದ್ರಾಗ ಹೊಸಾ ಮದುಮಕ್ಕಳನ್ನ ಕೂಡಸೂದಕ್ಕ ಮಾತ್ರ ನಾ ಹೂಂ ಅನ್ನೂದಿಲ್ಲ. ಆ ಕಾಲದ ಕಾರಿನ ಹಿಂದಿನ ಸೀಟಿಗೆ ಬೆಲ್ಟೂ ಇಲ್ಲ, ಮುಂದ ಗಾಳಿ ಚೀಲಾನೂ ಇಲ್ಲ. ಇರೂದು ಈ ತಗಡು ಒಂದ.

ಇವರು ನನ್ನ ಬಾಯಿ ಮುಚ್ಚಸೂದು ಒಂದ ಮಾತಿಲೆ: "ಅವ್ವಗ ಎಂಬತ್ನಾಲ್ಕು. ಅಪ್ಪನ ಕಾರು ಬೆಳ್ಳಗ ಹೊಳಿಯೂದನ್ನ ಅಕಿ ನೋಡಬೇಕು. ಮುಂದಿನ ವರ್ಷ ಯಾರು ಕಂಡಾರ?" ಇದು ಹಗರ ಮಾತಲ್ಲ. ಇದಕ್ಕ ನನ್ನ ಕಡೆ ಉತ್ತರ ಇರಲಿಲ್ಲ. ಅದಕ್ಕ ಸೀದಾ ಅತ್ತಿಯವರನ್ನ ಕೇಳಿದೆ, ಕೈಯಾಗ ಸೊಪ್ಪು ಸೋಸಕೋತ ಕೂತಿದ್ದರು. ಅವರು ತಲಿ ಎತ್ತಲಿಲ್ಲ. "ಬಣ್ಣ ತೊಗೊಂಡು ಏನ ಮಾಡ್ಲೆವಾ, ನನಗ ಕಣ್ಣೂ ಸರಿ ಕಾಣೂದಿಲ್ಲ. ಅದ್ರಾಗ ಕೂತು ಒಂದ್ಸಲ ಸಿದ್ಧಾರೂಢ ಮಠಕ್ಕ ಹೋಗಿ ಬರಬೇಕು" ಅಂದ್ರು. ಇದನ್ನ ಇವರಿಗೆ ಹೇಳಿದೆ. ಆವತ್ತಿಂದ ಮೂರು ವಾರದ ಟಿಂಕರಿನ ಹೆಸರು ಮನ್ಯಾಗ ಸ್ವಲ್ಪ ಕಡಿಮಿ ಆಗೇದ.

ಎಡಗಡೆ ಹೊಸ್ತಲ, ಡ್ರೈವರ್ ಕಾಲ ಕೆಳಗಿನ ನೆಲ ಮುಗದಾವ. ಒಳಗಿನ ಪೊಳ್ಳಿನ್ಯಾಗ ಮೇಣದಂಥಾ ಎಣ್ಣಿ ಹೊಡಿಸೇವಿ, ಹಂಚಿಗೆ ಎಣ್ಣಿ ಸವರಿ ಇಡೂಹಂಗ. ಬಾಗಲದ ಕೆಳಗ ನೀರು ಹೋಗಲಿಕ್ಕೆ ಕಂಪನಿಯವರ ಬಿಟ್ಟ ಸಣ್ಣ ತೂತು ಇರತಾವ, ಮಣ್ಣು ತುಂಬಿದ್ದವು, ನಾನ ಕೂತು ದಬ್ಬಣದಿಂದ ಬಿಡಿಸೀನಿ. ನಿಮ್ಮ ಮನಿ ಹೊಸಾ ಕಾರಿಗೂ ಅವು ಅವ, ಮಳಿಗಾಲಕ್ಕಿಂತ ಮೊದಲ ಒಮ್ಮೆ ನೋಡ್ರಿ. ಬಲಗಡೆ ಹೊಸ್ತಲ ದೀಪಾವಳಿ ಆದ ಮ್ಯಾಲೆ. ಮಾಘದಾಗ ಬಣ್ಣ ಆಗಿರೂದಿಲ್ಲ, ಬೂದಿ ಬಣ್ಣದ ಎಪಾಕ್ಸಿ ಪ್ರೈಮರ್ ಮ್ಯಾಲ ಚೆಂಡಹೂವಿನ ಮಾಲಿ ಹಾಕಿ ಮಂಟಪದ ಮುಂದ ನಿಲ್ಲಸ್ತೀವಿ. ನಗವರು ನಗ್ಲಿ. ಹಿಂದಿನ ಎಡಗಡೆ ಬಾಗಲ ಮಾತ್ರ ಕೆಳಗಿಂದ ಪೂರಾ ಹೋಗೇದ. ಬೆಳಗಾವಿ, ಗದಗ ಕಡೆ ಯಾರದರೆ ಹಿತ್ತಲದಾಗ ಹಳೇ ಪದ್ಮಿನಿ ನಿಂತಿದ್ರ, ಅದರ ಬಾಗಲಕ್ಕ ಮೊದಲ ಸೂಜಿಗಲ್ಲು ಹಚ್ಚಿ ನೋಡಿ, ಕಚ್ಚಿ ಹಿಡದ್ರ ನನಗೊಂದು ಮಾತು ತಿಳಸ್ರಿ.