ನಾಲ್ಕು ಐದಕ್ಕೆ ಆಟ, ನಾಲ್ಕೂವರೆಗೆ ಸಿನಿಮಾ

2023ರ ಡಿಸೆಂಬರ್ ಕೊನೆಯ ವಾರ ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿಗೆ ‘ಸ್ಯಾಮ್ ಬಹಾದುರ್’ ನೋಡಲು ಹೋದ ಪ್ರೇಕ್ಷಕರೊಬ್ಬರು ಟಿಕೆಟ್ಟಿನಲ್ಲಿದ್ದ 4.05ರ ಹೊತ್ತನ್ನು ನಂಬಿಕೊಂಡಿದ್ದರು. ಆರೂವರೆಗೆ ಸಿನಿಮಾ ಬಿಡುತ್ತದೆ, ಆಮೇಲೆ ಕೆಲಸಕ್ಕೆ ಮರಳಬಹುದು ಎಂಬುದು ಅವರ ಲೆಕ್ಕ. ಜಾಹೀರಾತು, ಟ್ರೇಲರ್ ಎಲ್ಲ ಮುಗಿದು ಸಿನಿಮಾ ಶುರುವಾಗುವಾಗ 4.30 ಆಗಿತ್ತು. ಅವರು ಗ್ರಾಹಕರ ಆಯೋಗದ ಮೆಟ್ಟಿಲೇರಿದರು. 2025ರ ಫೆಬ್ರುವರಿಯಲ್ಲಿ ಆಯೋಗ ಅವರ ಪರವಾಗಿ ತೀರ್ಪು ಕೊಟ್ಟಿತು. ಮಾನಸಿಕ ಕಿರಿಕಿರಿಗೆ 20,000 ರೂಪಾಯಿ, ಮೊಕದ್ದಮೆಯ ಖರ್ಚಿಗೆ 8,000, ಗ್ರಾಹಕ ಕಲ್ಯಾಣ ನಿಧಿಗೆ 1 ಲಕ್ಷ ಕೊಡುವಂತೆ ಆ ಮಲ್ಟಿಪ್ಲೆಕ್ಸ್ ನಡೆಸುವ ಪಿವಿಆರ್ ಐನಾಕ್ಸ್‌ಗೆ ಹೇಳಿತು. ಟಿಕೆಟ್ಟಿನ ಮೇಲೆ ಸಿನಿಮಾ ನಿಜಕ್ಕೂ ಆರಂಭವಾಗುವ ಸಮಯವನ್ನೇ ನಮೂದಿಸಬೇಕು ಎಂದೂ ಆದೇಶಿಸಿತು. ತಿಂಗಳು ಕಳೆಯುವುದರೊಳಗೆ, ಮಾರ್ಚ್ 10ರಂದು, ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆಯಾಜ್ಞೆ ನೀಡಿತು. ಒಬ್ಬರ ದೂರನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂತೆ ನಡೆಸಿಕೊಂಡು ಆಯೋಗ ತನ್ನ ವ್ಯಾಪ್ತಿ ಮೀರಿದೆ ಎಂಬುದು ಹೈಕೋರ್ಟಿನ ಆಕ್ಷೇಪ.

ಆ ಪ್ರೇಕ್ಷಕರ ಸಿಟ್ಟು ನಮ್ಮೆಲ್ಲರದೂ ಹೌದು. ಆದರೂ ಈ ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಒಂದು ಸರಿ, ಇನ್ನೊಂದು ತಪ್ಪು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಜಾಹೀರಾತಿನ ಜಗಳದಲ್ಲಿ ಚಿತ್ರಮಂದಿರದವರಿಗೂ ಹೇಳಲು ಸಾಕಷ್ಟಿದೆ.

ಮೊದಲು ಪ್ರೇಕ್ಷಕನ ಮಾತು. ಟಿ.ವಿ.ಯಲ್ಲಿ ಜಾಹೀರಾತು ಬಂದರೆ ಚಾನೆಲ್ ಬದಲಿಸಬಹುದು, ಅಡುಗೆಮನೆಗೆ ಹೋಗಿ ಒಲೆ ಸಣ್ಣ ಮಾಡಿ ಬರಬಹುದು. ಮೊಬೈಲಿನಲ್ಲಿ ಐದು ಸೆಕೆಂಡ್ ಕಾದು ಮುಂದಕ್ಕೆ ಹಾರಬಹುದು. ಚಿತ್ರಮಂದಿರದಲ್ಲಿ ದೀಪ ಆರಿರುತ್ತದೆ, ಸದ್ದು ಎದೆಗೆ ಬಡಿಯುತ್ತದೆ, ಎದ್ದು ಹೋದರೆ ಸಿನಿಮಾದ ಮೊದಲ ದೃಶ್ಯ ತಪ್ಪುವ ಭಯ. ಜಾಹೀರಾತು ಇರುವುದರಿಂದಲೇ ಟಿ.ವಿ. ಅಗ್ಗ ಎಂದು ಒಪ್ಪಿಕೊಳ್ಳಬಹುದು. ಇಲ್ಲಿ ದುಡ್ಡು ಕೊಟ್ಟು, ಅದರ ಮೇಲೆ ತೆರಿಗೆ ಕೊಟ್ಟು, ಆನ್‌ಲೈನಿನಲ್ಲಿ ಕಾದಿರಿಸಿದ್ದಕ್ಕೆ ಬೇರೆ ಶುಲ್ಕ ಕೊಟ್ಟು ಒಳಗೆ ಕೂತಿರುತ್ತೇವೆ. ನೂರು ರೂಪಾಯಿ ಮೀರಿದ ಟಿಕೆಟ್ಟಿನ ಜಿಎಸ್‌ಟಿಯೇ ಶೇ 18.

ಇನ್ನು ಗಡಿಯಾರದ ಸಂಗತಿ. ಈಗಿನ ದೊಡ್ಡ ಚಿತ್ರಗಳು ಎರಡೂಮುಕ್ಕಾಲು ಗಂಟೆಗೆ ಕಡಿಮೆ ಮುಗಿಯುವುದು ಅಪರೂಪ. 2025ರ ‘ಕಾಂತಾರ: ಅಧ್ಯಾಯ 1’ ಕೂಡ ಅಷ್ಟೇ ಉದ್ದದ್ದು. ರಾತ್ರಿ ಒಂಬತ್ತೂವರೆಯ ಆಟಕ್ಕೆ ಹೋದರೆ ಮೊದಲಿನ ಇಪ್ಪತ್ತೈದು ನಿಮಿಷ, ಮಧ್ಯಂತರದ ಹದಿನೈದು ನಿಮಿಷ ಸೇರಿ ಹೊರಬರುವಾಗ ಒಂದು ಗಂಟೆ ಹೊಡೆದಿರುತ್ತದೆ. ಕಾರಿದ್ದವರಿಗೆ ಅದು ನಿದ್ದೆಗೆಟ್ಟ ಬೇಸರ ಮಾತ್ರ. ಸಂಜೆಯ ಆಟ ಮುಗಿಸಿ ಕೊನೆಯ ಬಸ್ಸು ಹಿಡಿಯಬೇಕಾದವರಿಗೆ, ಮಗುವನ್ನು ಪಕ್ಕದ ಮನೆಯವರ ಬಳಿ ಬಿಟ್ಟು ಬಂದ ತಾಯಿಗೆ, ಪಾಳಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡವರಿಗೆ ಆ ಇಪ್ಪತ್ತೈದು ನಿಮಿಷ ಆಟೊಗೆ ಕೊಡುವ ದುಪ್ಪಟ್ಟು ಬಾಡಿಗೆಯೂ ಆಗಬಹುದು, ಮನೆಯಲ್ಲಿ ಕೇಳಬೇಕಾದ ಮಾತೂ ಆಗಬಹುದು. ಸಮಯವೂ ಹಣವೇ ಎಂದು ಗ್ರಾಹಕರ ಆಯೋಗ ಹೇಳಿದ್ದು ಇಂಥವರ ವಿಷಯದಲ್ಲಿ ಅಕ್ಷರಶಃ ನಿಜ.

ಚಿತ್ರಮಂದಿರದವರು ಆಯೋಗದ ಮುಂದೆ ಕೊಟ್ಟ ಒಂದು ಸಮಜಾಯಿಷಿ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಸಾರ್ವಜನಿಕ ಹಿತದ ಚಿತ್ರಗಳನ್ನು ತೋರಿಸುವುದು ಕಾನೂನಿನ ಕಟ್ಟಳೆ, ನಾವೇನು ಮಾಡೋಣ ಎಂದರು. ಕಟ್ಟಳೆ ಇರುವುದು ನಿಜ. 2012ರ ಅಕ್ಟೋಬರಿನಿಂದ ತಂಬಾಕಿನ ಎಚ್ಚರಿಕೆ ಕಡ್ಡಾಯವಾಗಿದೆ. ತಂಬಾಕು ಸೇವನೆಯ ದೃಶ್ಯವಿರುವ ಚಿತ್ರಕ್ಕೆ ಆರಂಭದಲ್ಲಿ ಮೂವತ್ತು ಸೆಕೆಂಡಿನ ಆರೋಗ್ಯ ಸಂದೇಶ, ಇಪ್ಪತ್ತು ಸೆಕೆಂಡಿನ ಹೇಳಿಕೆ, ಮಧ್ಯಂತರದ ಬಳಿಕ ಮತ್ತೊಮ್ಮೆ ಅಷ್ಟೇ. ಆ ಸಂದೇಶದಲ್ಲಿ ಬರುತ್ತಿದ್ದ ಮುಕೇಶನ ಮುಖ ಒಂದು ತಲೆಮಾರಿಗೇ ನೆನಪಿರುವುದು ಹೀಗೆ. ಆರಂಭದಲ್ಲಿ ಎಲ್ಲ ಕೂಡಿಸಿದರೂ ಒಂದು ನಿಮಿಷ ತುಂಬುವುದಿಲ್ಲ. ಉಳಿದದ್ದು ಆಭರಣ, ಬಡಾವಣೆಯ ಸೈಟು, ಆಸ್ಪತ್ರೆ, ಕಾಲೇಜು, ಕಾರು. ಪಾನ್ ಮಸಾಲಾ ಕಂಪನಿಗಳ ಹೆಸರು ಹೊತ್ತ ಏಲಕ್ಕಿಯ ಜಾಹೀರಾತೂ ಇರುತ್ತದೆ. ತಂಬಾಕಿನ ಎಚ್ಚರಿಕೆ ಬರುವ ಅದೇ ಪರದೆಯಲ್ಲಿ ಅದನ್ನೂ ಮಕ್ಕಳು ನೋಡುತ್ತಾರೆ. ಇದು ಸಮಯದ ಪ್ರಶ್ನೆಗಿಂತ ದೊಡ್ಡದು, ಯಾರಾದರೂ ಗಟ್ಟಿಯಾಗಿ ಕೇಳಬೇಕಾದದ್ದು. ಆ ಪ್ರೇಕ್ಷಕರು ಜಾಹೀರಾತುಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟಿದ್ದರಿಂದ ವಾಣಿಜ್ಯ ಜಾಹೀರಾತು ಎಷ್ಟು, ಹಿತವಚನ ಎಷ್ಟು ಎಂದು ತೋರಿಸಲು ಸಾಧ್ಯವಾಯಿತು. ಚಿತ್ರಮಂದಿರದಲ್ಲಿ ಚಿತ್ರೀಕರಣವೇ ಅಪರಾಧ ಎಂದು ಕಂಪನಿ ವಾದಿಸಿತು. ಚಿತ್ರೀಕರಿಸಿದ್ದು ಜಾಹೀರಾತನ್ನೇ ಹೊರತು ಸಿನಿಮಾವನ್ನಲ್ಲ ಎಂದು ಆಯೋಗ ಅದನ್ನು ತಳ್ಳಿಹಾಕಿತು.

ಸರ್ಕಾರದ ಹೆಸರಿನಲ್ಲಿ ಪ್ರೇಕ್ಷಕರನ್ನು ಕಾಯಿಸುವುದಕ್ಕೆ ಹಳೆಯ ಚರಿತ್ರೆಯಿದೆ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿದ ಮೇಲೆ ದಶಕಗಳ ಕಾಲ ಅದರ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಪ್ರತಿ ಆಟಕ್ಕೆ ಮುಂಚೆ ತೋರಿಸುವುದು ಪರವಾನಗಿಯ ಷರತ್ತಾಗಿತ್ತು. ಅದಕ್ಕೆ ಚಿತ್ರಮಂದಿರದವರೇ ಬಾಡಿಗೆ ಕಟ್ಟಬೇಕಿತ್ತು. ಜೊತೆಗೆ ಊರಿನ ಜವಳಿ ಅಂಗಡಿಯ, ಸ್ಟುಡಿಯೊದ ಗಾಜಿನ ಸ್ಲೈಡುಗಳು. ಆಮೇಲೆ ವಿಕೋ ವಜ್ರದಂತಿ. ‘ನ್ಯೂಸ್‌ರೀಲ್ ಮುಗಿಯೋ ಹೊತ್ತಿಗೆ ಹೋದರಾಯ್ತು’ ಎಂಬ ಮಾತು ಮನೆಮನೆಯಲ್ಲಿತ್ತು. ಟೆಂಟ್ ಸಿನಿಮಾದ ಊರುಗಳಲ್ಲಂತೂ ತಿರುಪತಿಯ ವೆಂಕಟೇಶನ ಮೇಲಿನ ಘಂಟಸಾಲರ ಹಾಡು ಧ್ವನಿವರ್ಧಕದಲ್ಲಿ ಕೇಳಿಬಂತೆಂದರೆ ಇನ್ನೇನು ಆಟ ಶುರು ಎಂದು ಹೊಲದಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಆ ಕಾಲದ ಪ್ರೇಕ್ಷಕರೂ ಕಾಯುತ್ತಿದ್ದರು, ಆದರೆ ಎಷ್ಟು ಹೊತ್ತು ಎಂಬುದು ಅವರಿಗೆ ತಿಳಿದಿರುತ್ತಿತ್ತು. ಈಗ ತಿಳಿಯುವುದಿಲ್ಲ. ಒಂದು ಆಟಕ್ಕೆ ಹನ್ನೆರಡು ನಿಮಿಷ, ಇನ್ನೊಂದಕ್ಕೆ ಮೂವತ್ತು. ಹಬ್ಬದ ವಾರದ ದೊಡ್ಡ ಚಿತ್ರಕ್ಕೆ ಹೆಚ್ಚು, ಮಂಗಳವಾರ ಬೆಳಗಿನ ಆಟಕ್ಕೆ ಕಡಿಮೆ.

ಈಗ ಚಿತ್ರಮಂದಿರದವರ ಲೆಕ್ಕ. ನಾವು ಕೊಡುವ ಟಿಕೆಟ್ ಹಣ ಪೂರ್ತಿ ಅವರಿಗೆ ಸಿಗುವುದಿಲ್ಲ. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಮಲ್ಟಿಪ್ಲೆಕ್ಸುಗಳಿಗೆ ಚಿತ್ರಗಳನ್ನೇ ಕೊಡದೆ ಹಟ ಹಿಡಿದ ಮೇಲೆ ಆದ ಒಪ್ಪಂದದ ಪ್ರಕಾರ ಮೊದಲ ವಾರ ತೆರಿಗೆ ಕಳೆದು ಉಳಿದದ್ದರಲ್ಲಿ ಅರ್ಧ ಚಿತ್ರದವರಿಗೆ, ಎರಡನೇ ವಾರ ಶೇ 42.5, ಮೂರನೆಯದಕ್ಕೆ ಶೇ 37.5, ಆಮೇಲೆ ಶೇ 30. ಈಗಿನ ಚಿತ್ರಗಳ ಗಳಿಕೆಯೆಲ್ಲ ಮೊದಲ ವಾರದ್ದೇ. ಅಂದರೆ ಜನ ಬರುವ ಹೊತ್ತಿನಲ್ಲೇ ಚಿತ್ರಮಂದಿರದ ಪಾಲು ಎಲ್ಲಕ್ಕಿಂತ ಕಡಿಮೆ. ಮಾಲ್‌ನ ಬಾಡಿಗೆ, ಎ.ಸಿ.ಯ ವಿದ್ಯುತ್, ಪ್ರೊಜೆಕ್ಟರಿನ ಕಂತು ಇವಕ್ಕೆ ವಾರದ ಲೆಕ್ಕವಿಲ್ಲ; ಚಿತ್ರ ಸೋತರೂ ಕಟ್ಟಲೇಬೇಕು. ಜಾಹೀರಾತಿನ ದುಡ್ಡಿನಲ್ಲಿ ನಿರ್ಮಾಪಕರಿಗೆ ಪಾಲಿಲ್ಲ, ಅದಕ್ಕೆ ತಗಲುವ ಖರ್ಚೂ ಹೆಚ್ಚಿಲ್ಲ. ದೇಶದ ಅತಿದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಯ ಇತ್ತೀಚಿನ ವರಮಾನದಲ್ಲಿ ಜಾಹೀರಾತಿನ ಭಾಗ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಆದರೆ ಲಾಭಕ್ಕೂ ನಷ್ಟಕ್ಕೂ ನಡುವಿನ ಅಂತರ ಅಷ್ಟೇ ಇರುವ ವ್ಯವಹಾರದಲ್ಲಿ ಆ ಪಾಲು ಸಣ್ಣದಲ್ಲ.

ಟಿಕೆಟ್ ಬೆಲೆ ಏರಿಸಿ ಅದನ್ನು ತುಂಬಿಕೊಳ್ಳಬಹುದಲ್ಲ ಎಂದರೆ, ಕರ್ನಾಟಕದಲ್ಲಿ ಆ ಬಾಗಿಲೂ ಅರ್ಧ ಮುಚ್ಚಿದೆ. 2017ರಲ್ಲಿ ಒಮ್ಮೆ, 2025ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ, ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಹೊರಟಿತು. ಎರಡನೆಯದಕ್ಕೆ ಹೈಕೋರ್ಟ್ ಕೆಲವೇ ದಿನಗಳಲ್ಲಿ ಮಧ್ಯಂತರ ತಡೆ ನೀಡಿತು. ಅಗ್ಗದ ಟಿಕೆಟ್ಟೂ ಬೇಕು, ಜಾಹೀರಾತೂ ಬೇಡ ಎಂದು ನಾವು ಒಂದೇ ಉಸಿರಿನಲ್ಲಿ ಕೇಳುತ್ತಿದ್ದೇವೆ. ಎರಡೂ ನ್ಯಾಯವಾದ ಬೇಡಿಕೆಗಳೇ, ಆದರೆ ಒಂದು ಇನ್ನೊಂದರ ಕಾಲು ಎಳೆಯುತ್ತದೆ.

ಏಕಪರದೆಯ ಚಿತ್ರಮಂದಿರಗಳ ಕಥೆ ಇನ್ನೂ ಬೇರೆ. ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು, ಕಾವೇರಿ 2024ರಲ್ಲಿ. ತಾಲ್ಲೂಕು ಕೇಂದ್ರಗಳಲ್ಲಿ ಕಲ್ಯಾಣಮಂಟಪವೋ ಗೋದಾಮೋ ಆಗಿಹೋದ ಟಾಕೀಸುಗಳನ್ನು ಎಣಿಸುವವರಿಲ್ಲ. ಉಳಿದವುಗಳಲ್ಲಿ ಜಾಹೀರಾತು ಬರುವುದೇ ಯುಎಫ್ಒ, ಕ್ಯೂಬ್‌ನಂಥ ಡಿಜಿಟಲ್ ಕಂಪನಿಗಳ ಸರ್ವರ್ ಮೂಲಕ. ಆ ಕಂಪನಿಗಳು ಜಾಹೀರಾತಿನ ಸಮಯವನ್ನು ಮಾರಿ ಮಾಲೀಕರಿಗೆ ಒಂದು ಪಾಲು ಕೊಡುತ್ತವೆ. ನೂರು ರೂಪಾಯಿ ಟಿಕೆಟ್ಟಿನ, ಬಾಲ್ಕನಿ ಅರ್ಧ ಖಾಲಿಯಿರುವ ಟಾಕೀಸಿನ ಮಾಲೀಕರಿಗೆ ಆ ಪಾಲು ತಿಂಗಳ ಕರೆಂಟ್ ಬಿಲ್ಲಿಗಾದರೂ ಆಗುತ್ತದೆ. ಅದನ್ನೂ ಬಿಡಿ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಚಿತ್ರಮಂದಿರದವರ ಇನ್ನೊಂದು ವಾದ ಕೇಳಲು ಕುಂಟುನೆಪದಂತಿದ್ದರೂ ನಿಜ. ಬೆಂಗಳೂರಿನ ಸಂಚಾರದಲ್ಲಿ ಸಿಕ್ಕಿ, ಮಾಲ್‌ನ ನೆಲಮಾಳಿಗೆಯಲ್ಲಿ ಜಾಗ ಹುಡುಕಿ, ಬ್ಯಾಗಿನ ತಪಾಸಣೆ ಮುಗಿಸಿ, ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಒಳಬರುವವರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. 4.05ಕ್ಕೇ ಸಿನಿಮಾ ಹಾಕಿದರೆ ಮೊದಲ ಹತ್ತು ನಿಮಿಷ ಮೊಬೈಲ್ ಬೆಳಕಿನಲ್ಲಿ ಸೀಟು ಹುಡುಕುವವರ ಬೆನ್ನನ್ನೇ ನೋಡಬೇಕಾಗುತ್ತದೆ. ಹತ್ತು ಹದಿನೈದು ನಿಮಿಷದ ಅವಕಾಶ ಎಲ್ಲರಿಗೂ ಒಳ್ಳೆಯದೇ. ಇಪ್ಪತ್ತೈದು, ಮೂವತ್ತಾದಾಗ ಆ ವಾದದ ಬಲ ಕರಗುತ್ತದೆ.

ಹಾಗಾದರೆ ಆಯೋಗ ಹೇಳಿದಂತೆ ನಿಜವಾದ ಸಮಯ ಅಚ್ಚುಮಾಡಿದರೆ ಸಾಕಲ್ಲವೇ? ಜಾಹೀರಾತೂ ಇರಲಿ, ಪ್ರೇಕ್ಷಕನಿಗೂ ತಿಳಿದಿರಲಿ. ಈ ಸರಳ ಪರಿಹಾರವನ್ನು ಚಿತ್ರಮಂದಿರದವರು ಏಕೆ ಇಷ್ಟು ವಿರೋಧಿಸುತ್ತಾರೆ ಎಂದು ಯೋಚಿಸಿದಾಗ ಜಗಳದ ಬೇರು ಕಾಣುತ್ತದೆ. ಜಾಹೀರಾತುದಾರ ದುಡ್ಡು ಕೊಡುವುದು ಖಾಲಿ ಪರದೆಗಲ್ಲ, ಎದುರು ಕೂತ ಜನರಿಗೆ. ಸಿನಿಮಾ 4.30ಕ್ಕೆ ಎಂದು ಗೊತ್ತಾದರೆ ಜನ 4.25ಕ್ಕೆ ಬರುತ್ತಾರೆ, ಆಗ ಜಾಹೀರಾತಿನ ಬೆಲೆ ಕುಸಿಯುತ್ತದೆ. ಪ್ರೇಕ್ಷಕನಿಗೆ ಸಮಯ ತಿಳಿಯದಿರುವುದರ ಮೇಲೆಯೇ ಆ ವ್ಯಾಪಾರ ನಿಂತಿದೆ. ನನಗೆ ನೋವಾಗುವುದು ಇಲ್ಲಿ. ಜಾಹೀರಾತು ತೋರಿಸುವುದನ್ನು ನಾನು ತಪ್ಪೆನ್ನುವುದಿಲ್ಲ, ಅದರ ದುಡ್ಡಿಲ್ಲದೆ ಹಲವು ಪರದೆಗಳು ಉಳಿಯಲಾರವು ಎಂಬುದನ್ನೂ ಒಪ್ಪುತ್ತೇನೆ. ಆದರೆ ಟಿಕೆಟ್ ಕೊಳ್ಳುವವನಿಗೆ ಒಂದು ಹೊತ್ತು ಹೇಳಿ ಇನ್ನೊಂದು ಹೊತ್ತಿಗೆ ಮಾಲು ಕೊಡುವುದು ಯಾವ ಅಂಗಡಿಯಲ್ಲೂ ನಡೆಯದ ಮಾತು.

ಹೈಕೋರ್ಟಿನ ಆಕ್ಷೇಪದಲ್ಲೂ ಹುರುಳಿದೆ. ಒಬ್ಬ ಗ್ರಾಹಕನ ದೂರಿನ ಮೇಲೆ ಒಂದು ಜಿಲ್ಲಾ ಆಯೋಗ ಟಿಕೆಟ್ಟುಗಳ ಸ್ವರೂಪವನ್ನೇ ಬದಲಿಸಹೊರಟರೆ, ನಾಳೆ ಇನ್ನೊಂದು ಜಿಲ್ಲೆಯ ಆಯೋಗ ಬೇರೆಯೇ ನಿಯಮ ಹೇಳಬಹುದು. ಅನುಚಿತ ವ್ಯಾಪಾರ ಪದ್ಧತಿಯನ್ನು ನಿಲ್ಲಿಸಲು ಹೇಳುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಆಯೋಗಕ್ಕಿದೆ. ಇಡೀ ಉದ್ಯಮಕ್ಕೆ ನಿಯಮ ಬರೆಯಬೇಕಾದವರು ಮಾತ್ರ ಸರ್ಕಾರ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಇದೇ ಪ್ರಶ್ನೆ 2025ರ ಆರಂಭದಲ್ಲಿ ಶಾಸನಸಭೆಗೆ ಬಂತು, ಸಿನಿಮಾದ ನಿಜವಾದ ಸಮಯ ಪ್ರಕಟಿಸಬೇಕೆಂಬ ಮಸೂದೆಯಾಗಿ. ಅದೇ ವರ್ಷ ಅಲ್ಲಿ ಚಿತ್ರಮಂದಿರಗಳನ್ನು ನಡೆಸುವ ಎಎಂಸಿ ಕಂಪನಿ, ಹೇಳಿದ ಹೊತ್ತಿನ 25ರಿಂದ 30 ನಿಮಿಷಗಳ ನಂತರ ಸಿನಿಮಾ ಶುರುವಾಗುತ್ತದೆ ಎಂದು ತಾನಾಗಿಯೇ ಗ್ರಾಹಕರಿಗೆ ತಿಳಿಸತೊಡಗಿತು. ನಮ್ಮಲ್ಲಿ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ 1964ರಿಂದ ಇದೆ. ಟಿಕೆಟ್ ದರಕ್ಕಾಗಿ ಅದರ ನಿಯಮ ತಿದ್ದಲು ಹೊರಟ ಸರ್ಕಾರಕ್ಕೆ ಸಮಯಕ್ಕಾಗಿ ಒಂದು ಸಾಲು ಸೇರಿಸಲು ಅಡ್ಡಿಯೇನಿಲ್ಲ.

ಅದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಾಕಬೇಕಿಲ್ಲ. ಮಲ್ಟಿಪ್ಲೆಕ್ಸುಗಳಿಗೆ ಹದಿನೈದು ನಿಮಿಷದ ಮಿತಿ ಇರಲಿ, ಟ್ರೇಲರ್ ಸೇರಿ. ಏಕಪರದೆಯವರಿಗೆ ಸ್ವಲ್ಪ ಹೆಚ್ಚು ಬಿಟ್ಟರೂ ನನ್ನ ತಕರಾರಿಲ್ಲ. ಸಿನಿಮಾ ಆರಂಭವಾಗುವ, ಮುಗಿಯುವ ಹೊತ್ತು ಮಾತ್ರ ಇಬ್ಬರೂ ಹೇಳಲಿ. ಮಿತಿ ಹಾಕಿದರೆ ನಷ್ಟವಾಗುವುದು ಖಂಡಿತ. ಕಡಿಮೆ ಜಾಹೀರಾತಿಗೆ ಹೆಚ್ಚು ದರ ಸಿಕ್ಕೀತು ಎಂಬ ಆಸೆ ಎಲ್ಲ ಊರಿನಲ್ಲೂ ಫಲಿಸುವುದಿಲ್ಲ. 2024ರಲ್ಲಿ ಪಿವಿಆರ್ ಐನಾಕ್ಸ್ ತನ್ನ ಕೆಲವು ಐಷಾರಾಮಿ ಪರದೆಗಳಲ್ಲಿ ಜಾಹೀರಾತನ್ನು ಕೈಬಿಟ್ಟು ಬರೀ ಟ್ರೇಲರ್ ತೋರಿಸುವ ಪ್ರಯೋಗ ಮಾಡಿತ್ತು. ಉಳಿದ ಸಮಯದಲ್ಲಿ ದಿನಕ್ಕೊಂದು ಆಟ ಹೆಚ್ಚು ಹಾಕಬಹುದು ಎಂಬುದು ಅದರ ಹಿಂದಿನ ಲೆಕ್ಕ. ಅಂದರೆ ದುಬಾರಿ ಸೀಟಿನವರ ಹೊತ್ತಿಗೆ ಬೆಲೆ ಇದೆಯೆಂದು ಆ ಕಂಪನಿಗೆ ಆಗಲೇ ಗೊತ್ತಿತ್ತು. ನೂರೈವತ್ತು ರೂಪಾಯಿಯ ಸೀಟಿನಲ್ಲಿ ಕೂತು ಕೊನೆಯ ಬಸ್ಸಿನ ಚಿಂತೆ ಮಾಡುವವರಿಗೆ ಅಷ್ಟು ಕೊಡಲಾಗದಿದ್ದರೂ, ಬಸ್ಸು ಸಿಗುತ್ತದೋ ಇಲ್ಲವೋ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ತಿಳಿಸಬಹುದು.